ಗೊಲ್ಯಾದ್ಕಿನ್ ಪಾತ್ರಕ್ಕೆ ಇಬ್ಬರು ನಟರು: ರಂಗರೂಪ ಮಾಡಿದ ನನ್ನ ಅನುಭವ

ರಷ್ಯಾದ ಲೇಖಕ ದಾಸ್ತೊಯೆವ್‌ಸ್ಕಿಯ ‘ಡಬಲ್’ ಕಾದಂಬರಿಯನ್ನು ನಾಟಕ ಮಾಡೋಣ ಅಂದಾಗ ನಮ್ಮ ಹವ್ಯಾಸಿ ತಂಡದವರು ಮೊದಲು ಕೇಳಿದ್ದು, ಒಂದೇ ಥರ ಕಾಣುವ ಇಬ್ಬರು ನಟರನ್ನು ಎಲ್ಲಿ ಹುಡುಕ್ತೀರಿ ಅಂತ. ಕಥೆ ಹಾಗೇ ಇದೆಯಲ್ಲ. ಪೀಟರ್ಸ್‌ಬರ್ಗಿನ ಸರ್ಕಾರಿ ನೌಕರ ಯಾಕೋವ್ ಪೆಟ್ರೋವಿಚ್ ಗೊಲ್ಯಾದ್ಕಿನ್‌ನನ್ನು ಒಂದು ದೊಡ್ಡ ಮನೆಯ ಔತಣದಿಂದ ಹೊರದಬ್ಬುತ್ತಾರೆ. ನವೆಂಬರಿನ ಹಿಮಗಾಳಿಯಲ್ಲಿ ಫಾಂಟಾಂಕಾ ನದಿಯ ದಂಡೆಗುಂಟ ಓಡುವಾಗ ಅವನಿಗೆ ತನ್ನದೇ ರೂಪದ ಇನ್ನೊಬ್ಬ ಎದುರಾಗುತ್ತಾನೆ. ಮಾರನೆಯ ದಿನ ಆ ಇನ್ನೊಬ್ಬ ಕಚೇರಿಯಲ್ಲಿ ಎದುರಿನ ಮೇಜಿನಲ್ಲೇ ಬಂದು ಕೂತಿರುತ್ತಾನೆ. ಹೆಸರೂ ಅದೇ.

ನನಗೆ ದಾರಿ ತೋರಿಸಿದ್ದು ಈ ಕಚೇರಿಯ ದೃಶ್ಯ. ಅಲ್ಲಿ ಯಾರೂ ಬೆಚ್ಚಿಬೀಳುವುದಿಲ್ಲ. ಹಿರಿಯ ಗುಮಾಸ್ತ ಆಂಟನ್ ಆಂಟನೋವಿಚ್‌ಗೆ ಆ ಹೋಲಿಕೆಯನ್ನು ಗೊಲ್ಯಾದ್ಕಿನ್ನೇ ಎತ್ತಿ ತೋರಿಸಬೇಕಾಗುತ್ತದೆ. ಆಮೇಲೆ ಅವನು, ಹೌದಲ್ಲ, ನಮ್ಮ ತಾಯಿ ಕಡೆಯ ಅತ್ತೆಯೊಬ್ಬಳು ಸಾಯುವ ಮುಂಚೆ ತನ್ನನ್ನೇ ಎದುರಿಗೆ ಕಂಡಿದ್ದಳಂತೆ ಎಂದು ಸಮಾಧಾನ ಹೇಳುತ್ತಾನೆ. ಒಂದು ಕುರ್ಚಿಗೆ ಇಬ್ಬರು ಬಂದರೂ ಕಚೇರಿಗೆ ಏನೂ ಅನ್ನಿಸುವುದಿಲ್ಲ ಎಂಬುದೇ ನನಗೆ ಈ ಕಾದಂಬರಿಯ ನಿಜವಾದ ಭಯ ಅನ್ನಿಸಿತು. ಹಾಗಾಗಿ ಬೇಕೆಂದೇ ಒಬ್ಬ ಎತ್ತರದ ನಟನನ್ನೂ ಒಬ್ಬ ಗಿಡ್ಡ ನಟನನ್ನೂ ಆರಿಸಿ, ಒಂದೇ ಬಗೆಯ ಕೋಟು ತೊಡಿಸಿದೆ. ಉಳಿದ ಪಾತ್ರಗಳೆಲ್ಲ ಅವರಿಬ್ಬರನ್ನೂ ವ್ಯತ್ಯಾಸವೇ ಕಾಣದವರ ಹಾಗೆ ಮಾತಾಡಿಸಿದರೆ ಸಾಕು, ಪ್ರೇಕ್ಷಕರು ನಂಬುತ್ತಾರೆ. ನಂಬಿದರು ಕೂಡ.

ಆದರೆ ಗೊಲ್ಯಾದ್ಕಿನ್‌ಗೆ ಯಾಕೆ ಹೀಗಾಗುತ್ತದೆ ಎಂಬುದನ್ನು ನಟನಿಗೆ ಮುಟ್ಟಿಸಬೇಕಿತ್ತು. ಅದಕ್ಕೆ ಲೇಖಕನ ಮೊದಲ ಕಾದಂಬರಿ ‘ಬಡವರು’ ಹಿಡಿದು ಕೂತೆವು. ಎರಡೂ 1846ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ ಪ್ರಕಟವಾದವು. ‘ಬಡವರು’ ಕಾದಂಬರಿಯ ಮಕಾರ್ ದೇವುಶ್ಕಿನ್ ಕಾಗದ ನಕಲು ಮಾಡುವ ಗುಮಾಸ್ತ. ಅಡುಗೆಮನೆಯ ಒಂದು ಮೂಲೆಗೆ ಅಡ್ಡಗೋಡೆ ಹಾಕಿಕೊಂಡು ಬದುಕುವವನು. ಚಹಾ ಕುಡಿಯುವುದು ಕೂಡ ನೋಡುವವರಿಗಾಗಿ ಎನ್ನುತ್ತಾನೆ. ಬಡ ಗುಮಾಸ್ತನೊಬ್ಬನ ಮೇಲೆ ಗೊಗೊಲ್ ಬರೆದ ‘ಓವರ್‌ಕೋಟ್’ ಕಥೆ ಓದಿ, ತನ್ನ ಬದುಕನ್ನೇ ಯಾರೋ ಕದ್ದು ನೋಡಿ ಬರೆದಿದ್ದಾರೆ ಎಂದು ಉರಿದುಬೀಳುತ್ತಾನೆ. ದೊಡ್ಡ ಸಾಹೇಬರ ಮುಂದೆ ನಿಂತಾಗ ಕನ್ನಡಿಯಲ್ಲಿ ತನ್ನ ಅವತಾರ ಕಂಡು ನಡುಗುತ್ತಾನೆ. ಅದೇ ಗಳಿಗೆಯಲ್ಲಿ ಕೋಟಿನ ಗುಂಡಿ ಕಿತ್ತು ಉರುಳಿ ಸಾಹೇಬರ ಕಾಲ ಬಳಿ ಹೋಗುತ್ತದೆ. ಇಷ್ಟೆಲ್ಲ ಅವಮಾನ ಉಂಡರೂ ಅವನು ಒಡೆದು ಇಬ್ಬರಾಗುವುದಿಲ್ಲ. ಕಾರಣ ವರ್ವಾರಾ ಎಂಬ ಯುವತಿ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಅವನು ಅವಳಿಗೆ ಪತ್ರ ಬರೆಯುತ್ತಾನೆ, ಅವಳು ಉತ್ತರ ಕೊಡುತ್ತಾಳೆ. ಬರೆಯುತ್ತ ಬರೆಯುತ್ತ ಅವನಿಗೊಂದು ದನಿ ಮೂಡುತ್ತದೆ. ಅವಳು ಬಿಕೋವ್ ಎಂಬ ಜಮೀನುದಾರನನ್ನು ಮದುವೆಯಾಗಿ ಹೊರಟಾಗ ಅವನು ಗೋಳಾಡುವ ಕೊನೆಯ ಪತ್ರದಲ್ಲಿ, ನನ್ನ ಶೈಲಿ ಈಗ ತಾನೇ ರೂಪುಗೊಳ್ಳುತ್ತಿದೆ ಎಂಬ ಮಾತೂ ಬರುತ್ತದೆ.

ಗೊಲ್ಯಾದ್ಕಿನ್‌ಗೆ ಅಂಥವರು ಯಾರೂ ಇಲ್ಲ. ಇದನ್ನು ಬಾಯಲ್ಲಿ ವಿವರಿಸುವ ಬದಲು ತಾಲೀಮಿನಲ್ಲೇ ಮಾಡಿಸಿದೆ. ನಟ ಮೊದಲು ದೇವುಶ್ಕಿನ್‌ನ ಪತ್ರವನ್ನು ಎದುರು ಕೂತ ಗೆಳತಿಯ ಮುಖ ನೋಡುತ್ತ ಓದಿದ. ಆಮೇಲೆ ಗೊಲ್ಯಾದ್ಕಿನ್ ಡಾಕ್ಟರ್ ರುಟೆನ್‌ಸ್ಪಿಟ್ಜ್‌ನ ಬಳಿ ಆಡುವ ಮಾತು: ನಾನು ನನ್ನ ಪಾಡಿಗಿರುವವನು, ನಾನು ಮುಖವಾಡ ಹಾಕುವುದು ವೇಷದ ಕೂಟದಲ್ಲಿ ಮಾತ್ರ, ದಿನಾ ಜನರ ಮುಂದೆ ಅಲ್ಲ. ಡಾಕ್ಟರ್ ಆದವನು ತಲೆ ಎತ್ತಬಾರದು ಎಂದು ಹೇಳಿದ್ದೆ. ಕೇಳುವ ಮುಖ ಸಿಗದೆ ನಟನ ಮಾತು ತಡವರಿಸಿ, ಹೇಳಿದ್ದನ್ನೇ ಹೇಳಿ, ಕೊನೆಗೆ ತನಗೆ ತಾನೇ ಉತ್ತರ ಕೊಟ್ಟುಕೊಳ್ಳತೊಡಗಿತು. ಆ ಉತ್ತರ ಕೊಡುವ ದನಿಯೇ ಎರಡನೆಯ ಗೊಲ್ಯಾದ್ಕಿನ್.

ಅವನು ಬರುವ ಮುಂಚೆಯೇ ಇವನು ಅವನನ್ನು ಕರೆದಿರುತ್ತಾನೆ ಎಂಬುದಕ್ಕೆ ಕಾದಂಬರಿಯಲ್ಲೇ ಸಾಕ್ಷಿ ಇದೆ. ಮೊದಲ ಅಧ್ಯಾಯದಲ್ಲಿ ಬಾಡಿಗೆಯ ಭರ್ಜರಿ ಸಾರೋಟಿನಲ್ಲಿ ಹೋಗುವಾಗ ಗೊಲ್ಯಾದ್ಕಿನ್‌ಗೆ ಅವನ ಮೇಲಧಿಕಾರಿ ಎದುರಾಗುತ್ತಾನೆ. ನಮಸ್ಕರಿಸಲೋ ಬೇಡವೋ? ಇದು ನಾನಲ್ಲ, ನನ್ನ ಹಾಗೇ ಇರುವ ಬೇರೆ ಯಾರೋ ಎಂದು ಸುಮ್ಮನಿದ್ದುಬಿಡಲೋ? ಈ ಸಾಲನ್ನು ಒಂದಕ್ಷರ ಬಿಡದೆ ಇಟ್ಟುಕೊಂಡೆ.

ಕಥೆಯನ್ನು ಬೆಂಗಳೂರಿನ ಯಾವುದಾದರೂ ಕಚೇರಿಗೆ ತರಬಾರದೇಕೆ ಎಂದು ತಂಡದಲ್ಲಿ ಕೆಲವರು ಕೇಳಿದರು. ನಾನು ಒಪ್ಪಲಿಲ್ಲ. ದೇವುಶ್ಕಿನ್, ಗೊಲ್ಯಾದ್ಕಿನ್ ಇಬ್ಬರೂ ದರ್ಜೆಯಲ್ಲಿ ಟಿಟ್ಯುಲರ್ ಕೌನ್ಸಿಲರ್‌ಗಳು. ರಷ್ಯಾದ ಪೀಟರ್ ದೊರೆ 1722ರಲ್ಲಿ ಸರ್ಕಾರಿ ಸೇವೆಗೆ ಮಾಡಿದ 14 ದರ್ಜೆಗಳ ಪಟ್ಟಿಯಲ್ಲಿ ಅದು 9ನೆಯದು. ಎಂಟನೆಯ ದರ್ಜೆಗೆ ಏರಿದವನಿಗೆ ವಂಶಪಾರಂಪರ್ಯದ ಕುಲೀನ ಪದವಿ ಸಿಗುತ್ತಿತ್ತು. 1845ರಲ್ಲಿ ಅದನ್ನು ಐದನೆಯ ದರ್ಜೆಗೆ ಎತ್ತಿಬಿಟ್ಟರು. ದಾಸ್ತೊಯೆವ್‌ಸ್ಕಿ ‘ಡಬಲ್’ ಬರೆಯುತ್ತಿದ್ದದ್ದು ಅದೇ ವರ್ಷ. ದರ್ಜೆಯೇ ಮನುಷ್ಯನ ಗುರುತಾಗಿದ್ದ ಆ ನಗರದಿಂದ ಗೊಲ್ಯಾದ್ಕಿನ್‌ನನ್ನು ಕಿತ್ತರೆ ಉಳಿಯುವುದು ಬರೀ ಒಬ್ಬ ರೋಗಿ.

ಸಜ್ಜಿಕೆಗೆ ಗಾಜಿಲ್ಲದ ಒಂದು ದೊಡ್ಡ ಚೌಕಟ್ಟು ಸಾಕಾಯಿತು. ಬೆಳಿಗ್ಗೆ ಎದ್ದು, ಮುಖದಲ್ಲಿ ಮೊಡವೆ ಗಿಡವೆ ಎದ್ದಿಲ್ಲ ತಾನೆ ಎಂದು ಗೊಲ್ಯಾದ್ಕಿನ್ ನೋಡಿಕೊಳ್ಳುವುದು ಅದರಲ್ಲೇ. ಮುಂದೆ ಹೋಟೆಲಿನ ದೃಶ್ಯ ಬರುತ್ತದೆ: ತಿಂದದ್ದು ಒಂದೇ ಕಡುಬು, ಕೇಳುವುದು ಹನ್ನೊಂದರ ದುಡ್ಡು. ಇವನು ಕನ್ನಡಿ ಅಂದುಕೊಂಡಿದ್ದ ಬಾಗಿಲಲ್ಲಿ ಇನ್ನೊಬ್ಬ ಕೊನೆಯ ತುತ್ತು ಅಗಿಯುತ್ತ ನಗುತ್ತಿರುತ್ತಾನೆ. ಅದೇ ಚೌಕಟ್ಟಿನಲ್ಲಿ ಗಿಡ್ಡ ನಟನನ್ನು ನಿಲ್ಲಿಸಿದೆ.

ನಿರೂಪಕನನ್ನು ಏನು ಮಾಡುವುದು ಎಂಬುದೇ ನನ್ನನ್ನು ಹೆಚ್ಚು ಕಾಡಿದ್ದು. ‘ನಮ್ಮ ನಾಯಕ’ ಎನ್ನುತ್ತ ಅವನು ಗೊಲ್ಯಾದ್ಕಿನ್‌ನ ಮಾತುಗಳನ್ನೇ ಎತ್ತಿ ಆಡಿಕೊಳ್ಳುತ್ತಾನೆ. ನಿರೂಪಣೆಯ ಈ ದನಿ ಆ ಇನ್ನೊಬ್ಬನ ಅಣಕಕ್ಕೆ ಎಷ್ಟು ಹತ್ತಿರ ಎಂದು ರಷ್ಯಾದ ಸಾಹಿತ್ಯ ಚಿಂತಕ ಬಾಖ್ತಿನ್ ವಿವರಿಸಿದ್ದನ್ನು ಓದಿದ ಮೇಲೆ ಗೊಂದಲ ಹೋಯಿತು. ನಿರೂಪಣೆಯನ್ನೆಲ್ಲ ಎರಡನೆಯ ಗೊಲ್ಯಾದ್ಕಿನ್ ಬಾಯಿಗೇ ಕೊಟ್ಟೆ. ಅವನು ಕಥೆಯೊಳಗೆ ಕಾಲಿಡುವ ಮುಂಚಿನಿಂದಲೂ ರಂಗದ ಅಂಚಲ್ಲಿ ನಿಂತು ಇವನ ಕಥೆ ಹೇಳುತ್ತಿರುತ್ತಾನೆ. ಇಡೀ ರಂಗರೂಪದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ನಿರ್ಧಾರ ಇದು.

1866ರಲ್ಲಿ ದಾಸ್ತೊಯೆವ್‌ಸ್ಕಿ ಈ ಕೃತಿಯನ್ನು ತಿದ್ದಿ ಮತ್ತೆ ಪ್ರಕಟಿಸಿದ. ಅದಾಗಿಯೂ 1877ರಲ್ಲಿ, ರೂಪ ಕೈಕೊಟ್ಟಿತು, ಆದರೆ ಇದಕ್ಕಿಂತ ಗಂಭೀರವಾದ ವಿಚಾರವನ್ನು ನಾನು ಸಾಹಿತ್ಯಕ್ಕೆ ತಂದಿಲ್ಲ ಎಂದು ಬರೆದ. ವಿಚಾರದ ಬಗ್ಗೆ ಅವನ ಮಾತು ನನಗೆ ಪೂರ್ತಿ ಒಪ್ಪಿಗೆ. ರೂಪದ ಬಗ್ಗೆ ಇಲ್ಲ. ಪುಟದ ಮೇಲೆ ದಣಿಸುವ ಆ ಪುನರುಕ್ತಿ, ಕೇಳುವವರಿಲ್ಲದ ಮಾತು ಹೇಗಿರುತ್ತದೋ ಹಾಗೇ ಇದೆ. ಅದನ್ನು ಕತ್ತರಿಸಿ ನೋಡಿದ ತಾಲೀಮುಗಳಲ್ಲಿ ಗೊಲ್ಯಾದ್ಕಿನ್ ಸಾಮಾನ್ಯ ಸಂಶಯಪಿಶಾಚಿಯಾಗಿ ಕಂಡ. ಪ್ರದರ್ಶನಕ್ಕೆ ಅಷ್ಟೂ ಮಾತನ್ನು ಮರಳಿ ಸೇರಿಸಿದೆವು.