ಮಂಡ್ಯ ಸ್ಟೇಷನ್ನಿನಲ್ಲಿ ನಿಂತು ರೈಲಿನ ಕರೆಂಟ್ ದಾರಿ ಹಿಡಿಯುವುದು ಹೇಗೆ

ನಾನು ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿವರ್ಷ ಒಂಬತ್ತನೇ ಕ್ಲಾಸನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತೇನೆ. ಮೊದಲ ಸಲ ಹೋದಾಗ ಒಬ್ಬಳು ಹುಡುಗಿ ಕೇಳಿದಳು: "ಮಿಸ್, ಮನೆಯಲ್ಲಿ ಬಲ್ಬ್ ಉರಿಯಲು ಎರಡು ತಂತಿ ಬೇಕು. ಎಂಜಿನ್ನಿಗೆ ಎರಡನೆಯದು ಎಲ್ಲಿ?" ನೀವೂ ಈ ಪ್ರಶ್ನೆ ಇಟ್ಟುಕೊಂಡೇ ಹೋಗಿ.

ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಳ್ಳಿ. ಛತ್ರಿ, ಕೋಲು, ಸೆಲ್ಫಿ ಸ್ಟಿಕ್ ಮನೆಯಲ್ಲೇ ಇರಲಿ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ, ಮನೆಯಲ್ಲಿ 230. ಮುಟ್ಟದಿದ್ದರೂ ಹತ್ತಿರ ಹೋದರೆ ಸಾಕು, ಕರೆಂಟ್ ಹಾರಿ ಹಿಡಿಯುತ್ತದೆ. ರೈಲ್ವೆ ಗೇಟಿನ ಎರಡೂ ಕಡೆ ರಸ್ತೆಯ ಮೇಲೆ ಎತ್ತರದಲ್ಲಿ ಅಡ್ಡಪಟ್ಟಿ ನಿಲ್ಲಿಸಿರುವುದು ಇದಕ್ಕೇ. ಕಬ್ಬಿನ ಲೋಡು ಅದಕ್ಕೆ ತಗುಲಿದರೆ ಗಾಡಿ ಮುಂದೆ ಹೋಗಬಾರದು.

ಇಷ್ಟೊಂದು ವೋಲ್ಟ್ ಯಾಕೆ? ವೋಲ್ಟೇಜ್ ಜಾಸ್ತಿಯಾದಷ್ಟೂ ಅದೇ ಶಕ್ತಿಗೆ ಕಡಿಮೆ ಆಂಪಿಯರ್ ಸಾಕು. ತಂತಿ ಕಡಿಮೆ ಬಿಸಿಯಾಗುತ್ತದೆ, ದಾರಿಯಲ್ಲಿ ನಷ್ಟವೂ ಕಡಿಮೆ. 1902ರಲ್ಲೇ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿವರೆಗೆ ಕರೆಂಟ್ ಮುಟ್ಟಿಸಿದ್ದೂ ಇದೇ ಲೆಕ್ಕದಲ್ಲಿ. ಇದನ್ನು ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಈಗ ತಲೆ ಎತ್ತಿ ನೋಡಿ. ಎರಡು ತಂತಿ ಕಾಣುತ್ತವೆ, ಆದರೆ ಎರಡರಲ್ಲೂ ಇರುವುದು ಒಂದೇ ಕರೆಂಟ್. ಮೇಲಿನದು ಜೋಲುತ್ತದೆ, ಕೆಳಗಿನದನ್ನು ಮಟ್ಟವಾಗಿ ಹಿಡಿದು ತೂಗಿಸುತ್ತದೆ. ಕೆಳಗಿನ ತಾಮ್ರದ ತಂತಿ ಹಳಿಯಿಂದ ಸುಮಾರು 5.5 ಮೀಟರ್ ಎತ್ತರದಲ್ಲಿದೆ. ಎಂಜಿನ್ನಿನ ಪ್ಯಾಂಟೋಗ್ರಾಫ್, ಅಂದರೆ ನೆತ್ತಿಯಿಂದ ಎದ್ದು ಕರೆಂಟ್ ಹಿಡಿಯುವ ಕೈ, ಉಜ್ಜುವುದು ಇದನ್ನೇ.

ಒಂದು ಕಂಬದಿಂದ ಮುಂದಿನ ಕಂಬಕ್ಕೆ ಈ ತಂತಿಯ ಜೊತೆ ಕಣ್ಣು ಓಡಿಸಿ. ನೇರವಾಗಿಲ್ಲ, ಅಲ್ವಾ? ಹಳಿಯ ನಡುಗೆರೆಯಿಂದ ಒಂದು ಕಂಬದಲ್ಲಿ ಸುಮಾರು 20 ಸೆಂಟಿಮೀಟರ್ ಎಡಕ್ಕೆ, ಮುಂದಿನದರಲ್ಲಿ ಅಷ್ಟೇ ಬಲಕ್ಕೆ. ಕಾರಣ ತಿಳಿಯಲು ಎರಡು ಚಾಕ್‌ಪೀಸ್, ಒಂದು ಹೊಲಿಗೆ ದಾರ ಸಾಕು. ಮೊದಲ ಚಾಕ್‌ಪೀಸಿನ ಮೇಲೆ ದಾರವನ್ನು ಬಿಗಿಯಾಗಿ ಒಂದೇ ಜಾಗದಲ್ಲಿ ಇಪ್ಪತ್ತು ಸಲ ಎಳೆಯಿರಿ. ಗೀರು ಬೀಳುತ್ತದೆ. ಎರಡನೆಯದರ ಮೇಲೆ ದಾರವನ್ನು ಆ ಕಡೆ ಈ ಕಡೆ ಸರಿಸುತ್ತಾ ಎಳೆಯಿರಿ. ಸವೆತ ಹರಡಿಕೊಳ್ಳುತ್ತದೆ. ಪ್ಯಾಂಟೋಗ್ರಾಫಿನ ತಲೆಯಲ್ಲಿ ಕಾರ್ಬನ್ ಪಟ್ಟಿ ಇದೆ. ನಿಮ್ಮ ದಾರ ತಂತಿಯಾದರೆ, ಚಾಕ್‌ಪೀಸ್ ಈ ಪಟ್ಟಿ. ತಾಮ್ರ ಉಳಿಯಲಿ, ಸವೆದರೆ ಪಟ್ಟಿ ಸವೆಯಲಿ ಅಂತಲೇ ಅದನ್ನು ಹಾಕಿದ್ದಾರೆ. ಪಟ್ಟಿ ಬದಲಾಯಿಸುವುದು ಸುಲಭ, ಮೈಲಿಗಟ್ಟಲೆ ತಂತಿ ಬದಲಾಯಿಸುವುದು ಸುಲಭವೇ?

ತಂತಿ ಸದಾ ಬಿಗಿಯಾಗಿರಲಿ ಅಂತ ಕೆಲವು ಕಂಬಗಳಲ್ಲಿ ಬಿಲ್ಲೆಗಳಂಥ ಭಾರ ತೂಗುಬಿಟ್ಟಿರುತ್ತಾರೆ. ಏಪ್ರಿಲ್ ಮಧ್ಯಾಹ್ನ ತಂತಿ ಹಿಗ್ಗಿ ಆ ಭಾರ ಕೆಳಗಿಳಿದಿರುತ್ತದೆ, ಡಿಸೆಂಬರ್ ಬೆಳಗ್ಗೆ ಮೇಲಿರುತ್ತದೆ. ಎರಡು ಸಲ ಹೋಗಿ ಹೋಲಿಸಿ.

ಎಂಜಿನ್ ಬಂದು ನಿಂತಾಗ ಪಾದಚಾರಿ ಸೇತುವೆಯಿಂದ ಅದರ ನೆತ್ತಿ ನೋಡಿ. ಸಾಮಾನ್ಯವಾಗಿ ಎರಡು ಪ್ಯಾಂಟೋಗ್ರಾಫ್ ಇರುತ್ತವೆ, ಒಂದು ಮಾತ್ರ ಎದ್ದಿರುತ್ತದೆ. ಅಲ್ಲಿಂದ ಕರೆಂಟ್ ಒಳಗಿನ ಟ್ರಾನ್ಸ್‌ಫಾರ್ಮರಿಗೆ ಇಳಿಯುತ್ತದೆ. ಅಲ್ಲಿ ವೋಲ್ಟೇಜ್ ತಗ್ಗಿ, ಮೋಟಾರಿಗೆ ಬೇಕಾದ ಹಾಗೆ ಬದಲಾಗಿ ಚಕ್ರ ತಿರುಗಿಸುತ್ತದೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬನ್ನಿ. ಬಗ್ಗಿ ಚಕ್ರದ ಕೆಳಗೆ ನೋಡಿ, ಹಳದಿ ಗೆರೆಯ ಹಿಂದೆಯೇ ನಿಂತು. ಎರಡನೆಯ ತಂತಿ ಹಳಿಯೇ. ಟ್ರಾನ್ಸ್‌ಫಾರ್ಮರ್ ದಾಟಿದ ಕರೆಂಟ್ ಚಕ್ರದಿಂದ ಹಳಿಗಿಳಿದು ಸಬ್‌ಸ್ಟೇಷನ್ನಿಗೆ ವಾಪಸ್ ಹೋಗುತ್ತದೆ. ಅವಳು ಪುಸ್ತಕದಲ್ಲಿ ಎಂಜಿನ್ ಬರೆದು, ಹಳಿಯ ಉದ್ದಕ್ಕೂ ಬಾಣ ಹಾಕಿದಳು.