ಕಡಲತೀರದ ಹೋಟೆಲಿನಲ್ಲಿ ಕುಟುಂಬದೊಂದಿಗೆ ತಂಗುವುದು ಹೇಗೆ?

ಬೇಸಿಗೆ ರಜೆ ಅಥವಾ ದಸರಾ ರಜೆ ಬಂತೆಂದರೆ ಗೋಕರ್ಣ, ಮುರ್ಡೇಶ್ವರ, ಮಲ್ಪೆಯ ಹೋಟೆಲುಗಳ ಕೌಂಟರಿನ ಮುಂದೆ ಒಂದೇ ಬಗೆಯ ಜಟಾಪಟಿ ನೋಡಸಿಗುತ್ತದೆ. ಫೋಟೊದಲ್ಲಿ ಕಂಡ ರೂಮು ಇದಲ್ಲವೆಂದು ಮನೆಯ ಯಜಮಾನರು ವಾದಿಸುತ್ತಿರುತ್ತಾರೆ, ರಾತ್ರಿ ಪ್ರಯಾಣದಿಂದ ಬಸವಳಿದ ಮಕ್ಕಳು ಬ್ಯಾಗುಗಳ ಮೇಲೆಯೇ ಒರಗಿರುತ್ತಾರೆ, ಮಂಡಿನೋವಿನ ಅಜ್ಜಿ ಲಿಫ್ಟ್ ಇಲ್ಲದ ಕಟ್ಟಡದ ಮೆಟ್ಟಿಲುಗಳನ್ನೇ ನೋಡುತ್ತಾ ನಿಂತಿರುತ್ತಾರೆ. ದಿನಕ್ಕೆ 2,000ದಿಂದ 5,000 ರೂಪಾಯಿ ಬಾಡಿಗೆಯ ಮಧ್ಯಮ ದರ್ಜೆಯ ಹೋಟೆಲುಗಳಲ್ಲಿ ನೆಮ್ಮದಿಯಾಗಿ ತಂಗಲು ಖಂಡಿತ ಸಾಧ್ಯ, ಆದರೆ ಅದಕ್ಕೆ ಬೇಕಾದ ವಿಚಾರಣೆ ಮುಂಗಡ ಕಟ್ಟುವ ಮೊದಲೇ ಮುಗಿದಿರಬೇಕು.

ಮೊದಲು ತಿಂಗಳನ್ನು ನಿರ್ಧರಿಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆ ಇಳಿಯುತ್ತದೆ, ಆದರೆ ಆಗ ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ತಾಜಾ ಮೀನಿನ ಊಟದ ಆಸೆಯನ್ನೂ ಕಡಿಮೆ ಮಾಡಿಕೊಳ್ಳಬೇಕು. ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲವೇ ಸರಿ, ಅದರಲ್ಲೂ ಕ್ರಿಸ್ಮಸ್ ವಾರ ಮತ್ತು ಗೋಕರ್ಣದ ಶಿವರಾತ್ರಿಯ ದಿನಗಳನ್ನು ಬಿಟ್ಟು.

ಎರಡನೆಯದು ಫೋನ್ ವಿಚಾರಣೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಬುಕಿಂಗ್ ಆ್ಯಪಿನಲ್ಲಿ ನಾಲ್ಕು ಫೋಟೊ ನೋಡಿ, ಎಲ್ಲಕ್ಕಿಂತ ಅಗ್ಗದ ದರವನ್ನು ಒತ್ತಿ, ಹಣ ಕಟ್ಟಿಬಿಡುತ್ತಾರೆ. ಆ ಅಗ್ಗದ ದರ ಬಹುಪಾಲು ಹಣ ಮರಳಿಸದ ದರವಾಗಿರುತ್ತದೆ. ಮಕ್ಕಳಿರುವ ಮನೆಯಲ್ಲಿ ಯಾರಿಗೆ ಯಾವಾಗ ಜ್ವರ ಬರುತ್ತದೆಂದು ಹೇಳಲಾಗದು, ಆದ್ದರಿಂದ ಅಂಥ ದರವನ್ನು ಯಾವ ಕಾರಣಕ್ಕೂ ಆರಿಸಬೇಡಿ. ಆ್ಯಪಿನಲ್ಲಿ ಹೋಟೆಲನ್ನು ಗುರುತು ಮಾಡಿಕೊಂಡು, ಮಧ್ಯಾಹ್ನ ಮೂರರ ಹೊತ್ತಿಗೆ, ಅಂದರೆ ಕೌಂಟರಿನಲ್ಲಿ ಗದ್ದಲವಿಲ್ಲದ ವೇಳೆಯಲ್ಲಿ, ನೇರವಾಗಿ ಅವರಿಗೇ ಕರೆ ಮಾಡಿ.

ಕಡಲಿಗೆ ಎಷ್ಟು ದೂರ ಎಂದು ಕೇಳಿದರೆ ಎಲ್ಲರೂ ಐದೇ ನಿಮಿಷ ಎನ್ನುತ್ತಾರೆ. ಅದರ ಬದಲು ದಾರಿಯಲ್ಲಿ ಮೆಟ್ಟಿಲು ಇದೆಯೇ, ಏರು ಇದೆಯೇ, ಹೆದ್ದಾರಿ ದಾಟಬೇಕೇ, ಕಾರು ಹೋಟೆಲಿನ ಬಾಗಿಲವರೆಗೆ ಬರುತ್ತದೆಯೇ ಎಂದು ಕೇಳಿ. ಗೋಕರ್ಣದ ಕುಡ್ಲೆ ಬೀಚಿನ ದಂಡೆಯಲ್ಲಿರುವ ವಸತಿಗಳಿಗೆ ಗುಡ್ಡದ ಮೇಲೆ ವಾಹನ ನಿಲ್ಲಿಸಿ, ಸಾಮಾನು ಹೊತ್ತುಕೊಂಡೇ ಕೆಳಗಿಳಿಯಬೇಕು. ಹರೆಯದವರಿಗೆ ಅದು ಸೊಗಸು, ಎಪ್ಪತ್ತು ದಾಟಿದ ಅಜ್ಜನಿಗೆ ಶಿಕ್ಷೆ. ಹಿರಿಯರು ಜೊತೆಗಿದ್ದರೆ ಗೋಕರ್ಣದಲ್ಲಿ ಪೇಟೆಯ ಬದಿಯ ಮುಖ್ಯ ಕಡಲತೀರದ ಹತ್ತಿರವೇ ಉಳಿಯಿರಿ, ಇಲ್ಲವೇ ದೇವಸ್ಥಾನ ಮತ್ತು ಸಮುದ್ರ ಎರಡೂ ಒಂದೇ ಕಡೆ ಇರುವ ಮುರ್ಡೇಶ್ವರಕ್ಕೆ ಹೋಗಿ.

ನೀರಿನ ವಿಚಾರವನ್ನು ಬಿಡಿಸಿ ಕೇಳಿ. ಕಡಲಂಚಿನ ಬಾವಿ ಮತ್ತು ಕೊಳವೆಬಾವಿಗಳಲ್ಲಿ ಉಪ್ಪಿನಂಶ ಸೇರಿಕೊಳ್ಳುವುದುಂಟು, ಆಗ ಸೋಪು ನೊರೆ ಬಿಡುವುದಿಲ್ಲ, ತಲೆಗೂದಲು ಅಂಟಂಟಾಗುತ್ತದೆ. ಸೋಲಾರ್ ಬಿಸಿನೀರಾದರೆ ಬೆಳಿಗ್ಗೆ ಎಷ್ಟು ಗಂಟೆಯವರೆಗೆ ಬರುತ್ತದೆ, ಕರೆಂಟು ಹೋದಾಗ ಜನರೇಟರಿನಲ್ಲಿ ಎ.ಸಿ. ನಡೆಯುತ್ತದೆಯೇ ಅಥವಾ ಫ್ಯಾನ್ ಮಾತ್ರವೇ, ಹೆಚ್ಚುವರಿ ಹಾಸಿಗೆ ಎಂದರೆ ಮಂಚವೇ ಅಥವಾ ನೆಲದ ಮೇಲೆ ಹಾಸುವ ತೆಳು ಗಾದಿಯೇ, ಎಷ್ಟು ವಯಸ್ಸಿನ ಮಕ್ಕಳವರೆಗೆ ಅದಕ್ಕೆ ಹಣವಿಲ್ಲ ಎಂಬುದನ್ನೆಲ್ಲ ಒಂದೊಂದಾಗಿ ಕೇಳಿ ಬರೆದುಕೊಳ್ಳಿ.

ಇನ್ನೊಂದು ಪ್ರಶ್ನೆ ಬೆಂಗಳೂರಿನ ಕಡೆಯವರಿಗೆ ಬಹಳ ಮುಖ್ಯ. ರಾತ್ರಿ ಬಸ್ಸುಗಳೂ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ರೈಲೂ ಬೆಳಿಗ್ಗೆಯೇ ತಂದಿಳಿಸುತ್ತವೆ, ಹೋಟೆಲು ಕೀಲಿ ಕೊಡುವುದು ಮಧ್ಯಾಹ್ನ 12ಕ್ಕೋ 1ಕ್ಕೋ. ನಡುವಿನ ಹೊತ್ತಿನಲ್ಲಿ ಮಕ್ಕಳಿಗೆ ಮುಖ ತೊಳೆಸಿ ಬಟ್ಟೆ ಬದಲಿಸಲು ಜಾಗ ಸಿಗುತ್ತದೆಯೇ, ಬೇಗ ರೂಮು ಕೊಟ್ಟರೆ ಅದಕ್ಕೆ ಎಷ್ಟು ಎಂಬುದು ಮೊದಲೇ ತೀರ್ಮಾನವಾಗಿರಲಿ.

ಬುಕಿಂಗ್ ಖಚಿತವಾದ ಮೇಲೆ ದರ, ದಿನಾಂಕ, ತಿಂಡಿ ಸೇರಿದೆಯೇ ಇಲ್ಲವೇ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಯಿಸಿಕೊಂಡು, ಒಂದು ದಿನದ ಬಾಡಿಗೆಯಷ್ಟೇ ಮುಂಗಡ ಕಳುಹಿಸಿ. ಹುಡುಕಾಟದಲ್ಲಿ ಮೊದಲಿಗೆ ಸಿಕ್ಕ ನಂಬರಿನವರು ಪೂರ್ತಿ ಹಣವನ್ನು ಈಗಲೇ ಕ್ಯೂಆರ್ ಕೋಡಿಗೆ ಹಾಕಿ ಎಂದು ಅವಸರಪಡಿಸಿದರೆ ಅಲ್ಲಿಗೇ ನಿಲ್ಲಿಸಿ, ಪ್ರಸಿದ್ಧ ಹೋಟೆಲುಗಳ ಹೆಸರಿನಲ್ಲಿ ನಕಲಿ ನಂಬರುಗಳು ಓಡಾಡುತ್ತಿವೆ. ಮೋಸವಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹೋಟೆಲು ತಲುಪಿದಾಗ ರಿಜಿಸ್ಟರಿನಲ್ಲಿ ಸಹಿ ಹಾಕುವ ಮೊದಲು, ಸಾಮಾನು ಮೇಲಕ್ಕೆ ಹೋಗುವ ಮೊದಲು, ನೀವೊಬ್ಬರೇ ಹೋಗಿ ರೂಮು ನೋಡಿ ಬನ್ನಿ. ಇದರಲ್ಲಿ ಸಂಕೋಚ ಬೇಡ. ಬಾಗಿಲು ತೆರೆದೊಡನೆ ಮಲ್ಲಿಗೆಯದೋ ನಿಂಬೆಯದೋ ಸ್ಪ್ರೇ ವಾಸನೆ ಗಾಢವಾಗಿ ಹೊಡೆದರೆ ಅದರಡಿಯಲ್ಲಿ ಮುಗ್ಗಲು ಅಡಗಿದೆಯೆಂದೇ ತಿಳಿಯಿರಿ. ಕಪಾಟಿನ ಬಾಗಿಲು ತೆರೆದು ಮೂಸಿ ನೋಡಿದರೆ ನಿಜ ಗೊತ್ತಾಗುತ್ತದೆ, ಏಕೆಂದರೆ ಸ್ಪ್ರೇ ಅಲ್ಲಿಯವರೆಗೆ ಹೋಗಿರುವುದಿಲ್ಲ. ಹಾಸಿಗೆಯ ತಲೆದಿಂಬಿನ ಕಡೆಯ ಮೂಲೆಯಲ್ಲಿ ಬೆಡ್‌ಶೀಟ್ ಎತ್ತಿ, ಮೊಬೈಲ್ ಟಾರ್ಚ್ ಹಿಡಿದು ಹೊಲಿಗೆಯ ಅಂಚನ್ನು ನೋಡಿ, ಅಲ್ಲಿ ಕಪ್ಪು ಚುಕ್ಕೆಗಳ ಸಾಲು ಕಂಡರೆ ಅದು ತಿಗಣೆಯ ಗುರುತು, ರೂಮು ಬದಲಿಸಿಕೊಳ್ಳಲೇಬೇಕು. ಬಚ್ಚಲಿನ ನಲ್ಲಿಯನ್ನು ಒಂದು ನಿಮಿಷ ಬಿಡಿ. ಮೊದಲು ಬಂದ ಕೆಂಪು ನೀರು ತಿಳಿಯಾಗುತ್ತದೆಯೇ, ಬಿಟ್ಟ ನೀರು ಮೋರಿಯಲ್ಲಿ ಇಳಿದುಹೋಗುತ್ತದೆಯೇ ನೋಡಿ. ಉಪ್ಪುಗಾಳಿಗೆ ಚಿಲಕ, ತಿರುಪು, ಬಾಲ್ಕನಿಯ ಕಬ್ಬಿಣದ ಸರಳು ಎಲ್ಲವೂ ಬೇಗ ತುಕ್ಕು ಹಿಡಿಯುವುದರಿಂದ ಸರಳನ್ನು ಕೈಯಿಂದ ಅಲ್ಲಾಡಿಸಿಯೇ ನೋಡಬೇಕು. ಅದು ಅಲ್ಲಾಡಿದರೆ ಚಿಕ್ಕ ಮಕ್ಕಳಿರುವವರಿಗೆ ಆ ರೂಮು ಬೇಡ.

ಸಮುದ್ರ ಕಾಣುವ ರೂಮಿಗೆ ಹೆಚ್ಚು ಹಣ ಕೊಡುವುದು ವ್ಯರ್ಥ ಎಂಬುದು ನನ್ನ ದೃಢ ಅಭಿಪ್ರಾಯ. ನಮ್ಮ ಕರಾವಳಿಯ ಸಮುದ್ರ ಪಶ್ಚಿಮಕ್ಕಿದೆ, ಹಾಗಾಗಿ ಊಟ ಮುಗಿಸಿ ಮಕ್ಕಳನ್ನು ಮಲಗಿಸುವ ಹೊತ್ತಿಗೆ ಸರಿಯಾಗಿ ಬಿಸಿಲು ಆ ಕಿಟಕಿಗಳಿಗೇ ಬಡಿಯುತ್ತದೆ. ಎ.ಸಿ. ಎಷ್ಟು ತಿರುಗಿದರೂ ಗೋಡೆಯ ಕಾವು ಆರುವುದಿಲ್ಲ. ಮೊದಲನೇ ಮಹಡಿಯಲ್ಲಿ, ಪೂರ್ವದ ಕಡೆಯ, ಅಡುಗೆಮನೆ ಮತ್ತು ಜನರೇಟರಿಗೆ ದೂರದ ರೂಮನ್ನು ಕೇಳಿ ಪಡೆಯಿರಿ. ಸೂರ್ಯಾಸ್ತವನ್ನು ಮರಳಿನ ಮೇಲೆ ಕುಳಿತೇ ನೋಡಬಹುದು.

ಗುರುತಿನ ಚೀಟಿಯಾಗಿ ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಪ್ರತಿಯನ್ನು ಕೊಡಿ.

ನೀರಿಗೆ ಇಳಿಯುವ ಮೊದಲು ಜೀವರಕ್ಷಕರು ಎಲ್ಲಿ ಕುಳಿತಿದ್ದಾರೆ, ಕೆಂಪು ಬಾವುಟ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಹೋಟೆಲಿನವರನ್ನೇ ಕೇಳಿ. 2024ರ ಡಿಸೆಂಬರ್‌ನಲ್ಲಿ, ಮಳೆಗಾಲವಲ್ಲದ ದಿನಗಳಲ್ಲೇ, ಪ್ರವಾಸ ಬಂದಿದ್ದ ನಾಲ್ವರು ಶಾಲಾ ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನ ಪಾಲಾದರು. ದಂಡೆಯ ಅಂಗಡಿಗಳಲ್ಲಿ ನೇತುಹಾಕಿರುವ ಬಣ್ಣಬಣ್ಣದ ಗಾಳಿ ಟ್ಯೂಬುಗಳನ್ನು ಮಕ್ಕಳು ಎಷ್ಟೇ ಹಟ ಮಾಡಿದರೂ ಕೊಳ್ಳಬೇಡಿ. ಅವು ಆಟಿಕೆಗಳೇ ಹೊರತು ಜೀವರಕ್ಷಕ ಜಾಕೆಟ್ ಅಲ್ಲ, ಗಾಳಿ ಬೀಸಿದರೆ ಮಗುವಿನ ಸಮೇತ ಆಳಕ್ಕೆ ಸರಿಯುತ್ತವೆ.

ಹೋಟೆಲಿನ ಬಿಳಿ ಟವೆಲನ್ನು ಬೀಚಿಗೆ ಒಯ್ಯಬೇಡಿ, ಕಲೆಯಾದರೆ ದಂಡ ಹಾಕುವವರಿದ್ದಾರೆ. ಮನೆಯಿಂದ ಹಳೆಯ ಬೈರಾಸುಗಳನ್ನೂ ಬಟ್ಟೆ ಒಣಗಿಸಲು ಒಂದು ನೈಲಾನ್ ಹಗ್ಗವನ್ನೂ ತಂದುಕೊಳ್ಳಿ. ಮರಳು ಮೆತ್ತಿದ ಕಾಲನ್ನು ಗೇಟಿನ ಬಳಿಯ ನಲ್ಲಿಯಲ್ಲೇ ತೊಳೆದುಕೊಳ್ಳಿ, ರೂಮಿನ ಬಚ್ಚಲಲ್ಲಿ ತೊಳೆದರೆ ಮರಳು ಸೇರಿ ಮೋರಿ ಕಟ್ಟಿಕೊಳ್ಳುತ್ತದೆ, ಮುಂದಿನ ಸ್ನಾನಕ್ಕೆ ನೀವೇ ಕಣಕಾಲು ನೀರಿನಲ್ಲಿ ನಿಲ್ಲಬೇಕಾಗುತ್ತದೆ.

ಬಿಲ್ಲನ್ನು ಹೊರಡುವ ಹಿಂದಿನ ರಾತ್ರಿಯೇ ತರಿಸಿಕೊಳ್ಳಿ. ದಿನಕ್ಕೆ 7,500 ರೂಪಾಯಿವರೆಗಿನ ಬಾಡಿಗೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5 ಮಾತ್ರ, ಹಿಂದಿನ ಶೇ 12ನ್ನೇ ಹಾಕಿದ್ದರೆ ತಿದ್ದಿಸಬೇಕು. ಊಟದ ಬಿಲ್ಲಿನಲ್ಲಿ ಕೇಳದೆ ಸೇರಿಸಿದ ಸೇವಾ ಶುಲ್ಕವಿದ್ದರೆ ತೆಗೆಯಿರಿ ಎಂದು ಹೇಳಲು ಗ್ರಾಹಕರಿಗೆ ಹಕ್ಕಿದೆ. ಆ ಹಣವನ್ನು, ಮನಸ್ಸಿದ್ದರೆ, ರೂಮು ಗುಡಿಸಿ ಒರೆಸಿದವರ ಕೈಗೇ ನೇರವಾಗಿ ಕೊಡಿ.