ಊರಿಗೆ ಹೊರಟಾಗ ತೊಟ್ಟಿಯ ಮೀನಿನ ಊಟ

ತಂಗಿ ಮಗಳು ಬೆಂಗಳೂರಿನ ಮನೆ ತಾರಸಿಯಲ್ಲಿ ಅಕ್ವಾಪೋನಿಕ್ಸ್ ಮಾಡಿದ್ದಾಳೆ, ಅಂದರೆ ಮೀನಿನ ತೊಟ್ಟಿಯ ನೀರಿನಲ್ಲೇ ಗಿಡ ಬೆಳೆಸುವುದು. ಕೆಳಗೆ ತೊಟ್ಟಿಯಲ್ಲಿ ಗೆಂಡೆ ಮೀನು, ಮೇಲೆ ಜಲ್ಲಿ ತುಂಬಿದ ಟ್ರೇಯಲ್ಲಿ ಪಾಲಕ್, ಪುದೀನ, ಒಂದೆಲಗ. ಮೊನ್ನೆ ಫೋನ್ ಮಾಡಿ, "ದೊಡ್ಡಮ್ಮ, ಹತ್ತು ದಿನ ನಾವು ಇರಲ್ಲ. ಮೀನು ಹಸಿದು ಸತ್ತೇ ಹೋಗ್ತಾವೆ ಅಲ್ವಾ?" ಎಂದಳು. ನಾನೂ ಮೈಸೂರಿನಲ್ಲಿ ಏಳು ವರ್ಷದಿಂದ ಇಂಥದ್ದೇ ತೊಟ್ಟಿ ಇಟ್ಟುಕೊಂಡವಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೀನಿಗೆ ನಮ್ಮ ಹಾಗೆ ಹೊತ್ತು ಹೊತ್ತಿಗೆ ಊಟ ಬೇಕಿಲ್ಲ. ಅದು ತಣ್ಣನೆ ರಕ್ತದ ಜೀವ, ಮೈ ಬೆಚ್ಚಗಿಟ್ಟುಕೊಳ್ಳುವ ಖರ್ಚು ಅದಕ್ಕಿಲ್ಲ. ಗೇಣುದ್ದ ಬೆಳೆದ ಗಟ್ಟಿಮುಟ್ಟಾದ ಗೆಂಡೆ ವಾರಪೂರ್ತಿ ಏನೂ ತಿನ್ನದೆ ಆರಾಮಾಗಿ ಇರುತ್ತದೆ. ಮೂರು ನಾಲ್ಕು ದಿನಕ್ಕೆ ಹೋಗುವವರು ಊಟದ ಚಿಂತೆಯನ್ನೇ ಬಿಡಿ. ಬೆರಳುದ್ದದ ಮರಿಗಳಿದ್ದರೆ ಮಾತ್ರ ಹಾಗಲ್ಲ. ಅವು ದಿನಕ್ಕೆ ಎರಡು ಮೂರು ಸಲ ತಿನ್ನಬೇಕು. ಮರಿ ಬಿಟ್ಟ ಹೊಸತರಲ್ಲಿ ಊರಿಗೆ ಹೊರಡಬೇಡಿ.

ಮೀನನ್ನು ಕೊಲ್ಲುವುದು ಜಾಸ್ತಿಯಾದ ಊಟ. ಒಂದು ಮದುವೆಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಟ್ಟು, "ದಿನಾ ಸ್ವಲ್ಪ ಹಾಕಿ" ಎಂದಿದ್ದೆ. ಎಷ್ಟು ಎಂದು ಹೇಳಿರಲಿಲ್ಲ. ಪಾಪ, ಅವರು ಪ್ರೀತಿಯಿಂದ ದಿನಾ ಎರಡು ಹಿಡಿ ಹಾಕಿದ್ದರು. ಐದನೇ ದಿನ ಬಂದು ನೋಡಿದರೆ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಪೆಲೆಟ್‌ಗಳು, ಅಂದರೆ ಮೀನಿನ ಊಟದ ಗುಳಿಗೆಗಳು, ಉಬ್ಬಿ, ಬೂಸ್ಟು ಹಿಡಿದು ತಳದಲ್ಲಿ ಕೂತಿದ್ದವು. ಆರು ಮೀನು ಮಗುಚಿ ತೇಲುತ್ತಿದ್ದವು. ಉಳಿದವು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದವು. ಆ ನೋಟ ಇವತ್ತಿಗೂ ಕಣ್ಣ ಮುಂದಿದೆ.

ಆಗಿದ್ದು ಇಷ್ಟೇ. ಕೊಳೆಯುವ ಊಟ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ಅಮೋನಿಯಾ ಬಿಡುತ್ತದೆ. ಜಲ್ಲಿಯಲ್ಲಿರುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡಿ ಗಿಡಕ್ಕೆ ಕೊಡುತ್ತವೆ, ನಿಜ. ಆದರೆ ದಿನಾ ಬರುವಷ್ಟಕ್ಕೆ ಮಾತ್ರ ಅವು ಬೆಳೆದಿರುತ್ತವೆ. ಒಮ್ಮೆಲೇ ಮೂರು ಪಟ್ಟು ಬಂದರೆ ಅವುಗಳ ಕೈಲಿ ಆಗುವುದಿಲ್ಲ.

ಅಂದಿನಿಂದ ನಾನು ಪೊಟ್ಟಣ ಕಟ್ಟಿಡುತ್ತೇನೆ. ನನ್ನ ತೊಟ್ಟಿಯಲ್ಲಿ ಈಗ 15 ಮೀನು, ಒಂದೊಂದು ಸುಮಾರು 200 ಗ್ರಾಂ, ಒಟ್ಟು 3 ಕಿಲೋ. ನಾನಿದ್ದಾಗ ದಿನಕ್ಕೆ ಅವುಗಳ ತೂಕದ ನೂರಕ್ಕೆ ಒಂದೂವರೆ ಪಾಲು, ಅಂದರೆ 45 ಗ್ರಾಂ ಹಾಕುತ್ತೇನೆ. ಊರಿಗೆ ಹೋದಾಗ ಅಡುಗೆಮನೆ ತಕ್ಕಡಿಯಲ್ಲಿ ತೂಗಿ 20 ಗ್ರಾಮಿನ ಪೊಟ್ಟಣ ಮಾಡಿ, ಮೇಲೆ ತಾರೀಕು ಬರೆಯುತ್ತೇನೆ. ದಿನ ಬಿಟ್ಟು ದಿನ ಒಂದು. ಮರೆತುಹೋದರೆ ಮರುದಿನ ಎರಡು ಸೇರಿಸಿ ಹಾಕಬೇಡಿ ಎಂದು ಎರಡು ಸಲ ಹೇಳುತ್ತೇನೆ. ಉಳಿದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಹಾಕುವುದಾದರೆ ಬೆಳಿಗ್ಗೆ ಬಿಸಿಲು ಬಂದ ಮೇಲೆ. ತಿಂದ ಮೀನಿಗೆ ಉಸಿರು ಜಾಸ್ತಿ ಬೇಕು, ರಾತ್ರಿ ನೀರಿನಲ್ಲಿ ಅದು ಕಡಿಮೆಯಾಗುತ್ತದೆ.

ಊಟ ಹಾಕುವವರಿಗೆ ಇನ್ನೂ ಒಂದು ಮಾತು ಹೇಳಲೇಬೇಕು. ನೀರು ಇಳಿದಿದೆ ಎಂದು ನಲ್ಲಿ ಪೈಪನ್ನು ತೊಟ್ಟಿಗೆ ಬಿಡಬಾರದು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿಗೂ ಕೆಟ್ಟದ್ದು, ಬ್ಯಾಕ್ಟೀರಿಯಾಕ್ಕೂ ಕೆಟ್ಟದ್ದು. ಎರಡು ದಿನ ಮೊದಲೇ ಒಂದು ಡ್ರಮ್ಮಿನಲ್ಲಿ ನೀರು ಹಿಡಿದು ತೆರೆದಿಡಿ, ಅದರಿಂದಲೇ ಹಾಕಲಿ.

ಊಟ ಹಾಕುವವರು ಯಾರೂ ಸಿಗದಿದ್ದರೆ ನನಗೆ ತಾನಾಗಿ ಊಟ ಉದುರಿಸುವ ಮಷಿನ್‌ಗಿಂತ ಅಜೋಲಾ ಮೇಲೆ ನಂಬಿಕೆ. ಹಸುವಿಗೆ ಹಾಕುತ್ತಾರಲ್ಲ, ನೀರಿನ ಮೇಲೆ ತೇಲುವ ಪುಟ್ಟ ಗಿಡ, ಅದೇ. ಬೇರೆ ಟಬ್ಬಿನಲ್ಲಿ ಬೆಳೆಸಿ, ಹೊರಡುವ ದಿನ ನಾಲ್ಕು ಹಿಡಿ ತೊಟ್ಟಿಗೆ ಬಿಡಿ. ಗೆಂಡೆ ಬೇಕಾದಾಗ ಕಿತ್ತು ತಿನ್ನುತ್ತದೆ. ಉಳಿದದ್ದು ಜೀವಂತ ಇರುತ್ತದೆ, ಪೆಲೆಟ್ ಹಾಗೆ ಒಂದೇ ದಿನಕ್ಕೆ ಕೊಳೆಯುವುದಿಲ್ಲ. ಸುಮ್ನೆ ಬಿಟ್ಟರೆ ಪಂಪಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಅರ್ಧ ಇಂಚಿನ ಪೈಪಿಗೆ ನಾಲ್ಕು ಎಲ್ಬೋ ಹಾಕಿ, ಸೊಲ್ಯೂಷನ್ ಹಚ್ಚಿ ಚೌಕ ಮಾಡಿ. ಅದು ತೇಲುತ್ತದೆ, ಅಜೋಲಾ ಅದರೊಳಗೇ ನಿಲ್ಲುತ್ತದೆ. ಮಷಿನ್ ಇಡುವವರು ಒಂದು ವಾರ ಮೊದಲೇ ಇಟ್ಟು ನೋಡಿ. ನೀರಿನ ಪಸೆ ತಾಗಿ ಪೆಲೆಟ್ ಗಂಟು ಕಟ್ಟಿಕೊಂಡು ಬಾಯಿ ಕಟ್ಟುವುದು ಜಾಸ್ತಿ.

ಊಟಕ್ಕಿಂತ ಕರೆಂಟಿನ ಕಡೆ ಗಮನ ಇರಲಿ. ಹಸಿವನ್ನು ವಾರ ತಡೆಯುವ ಮೀನು, ತುಂಬಿದ ತೊಟ್ಟಿಯಲ್ಲಿ ಗಾಳಿ ಇಲ್ಲದೆ ಒಂದು ರಾತ್ರಿ ತಡೆಯುವುದು ಕಷ್ಟ. ಏರ್ ಪಂಪನ್ನು ಇನ್ವರ್ಟರ್ ಲೈನಿಗೆ ಹಾಕಿ, ಮೇನ್ ಆಫ್ ಮಾಡಿ ಒಮ್ಮೆ ನೋಡಿಯೇ ಹೊರಡಿ. ಮೇಲೆ ಬಲೆ ಕಟ್ಟಿ, ಬೆಕ್ಕು ಮತ್ತು ಮಿಂಚುಳ್ಳಿ ಬರುತ್ತವೆ.

ವಾಪಸ್ ಬಂದಾಗ ಮೀನುಗಳು ಓಡಿ ಬರುವುದನ್ನು ನೋಡಿ ಕರುಳು ಚುರುಕ್ ಎನ್ನುತ್ತದೆ. ಆದರೂ ಮೊದಲ ದಿನ ಅರ್ಧ ಮಾತ್ರ ಹಾಕಿ. ಊಟ ಕಡಿಮೆಯಾದ ದಿನಗಳಲ್ಲಿ ಬ್ಯಾಕ್ಟೀರಿಯಾನೂ ಕಡಿಮೆಯಾಗಿರುತ್ತವೆ. ಎರಡು ಮೂರು ದಿನದಲ್ಲಿ ಮೊದಲಿನ ಅಳತೆಗೆ ಬನ್ನಿ. ಪಾಲಕ್‌ನ ಕೆಳಗಿನ ಎಲೆ ಹಳದಿಯಾಗಿದ್ದರೆ ಕಿತ್ತುಬಿಡಿ. ಹೊಸ ಎಲೆ ಹಸಿರಾಗಿಯೇ ಬರುತ್ತದೆ.